ಮರದಡಿ ನಿಂತು ನಿಮಿಷಕ್ಕೆ 160 ಸಲ!

ನಿಮಿಷಕ್ಕೆ 160 ಸಲ ಬೊಗಳುವ ನಾಯಿಯೊಂದಿದೆ! ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ ಎರಡೂವರೆಗಿಂತ ಹೆಚ್ಚಾಯಿತು. ಇದೇ ವೇಗದಲ್ಲಿ ಹತ್ತು ನಿಮಿಷ ನಡೆದರೆ 1,600. ಇಷ್ಟೆಲ್ಲ ಬೊಗಳುವ ಎದೆಗೂಡು ಎಷ್ಟು ದೊಡ್ಡದಿರಬಹುದು ಎಂದುಕೊಂಡಿರಿ? ಹೆಗಲಿನವರೆಗೆ ಅಳೆದರೆ ಗಂಡು ನಾಯಿ 47 ಸೆಂಟಿಮೀಟರ್ ಆಸುಪಾಸು, ತೂಕ 12–13 ಕಿಲೊ. ಹೆಣ್ಣು ಇನ್ನೂ ಹಗುರ, 7ರಿಂದ 10 ಕಿಲೊ ಅಷ್ಟೆ. ನರಿಯಂಥ ಚೂಪು ಮೂತಿ, ಸೆಟೆದು ನಿಂತ ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿಕೊಂಡ ಬಾಲ, ಮೈತುಂಬ ಕೆಂಪು ಬೆರೆತ ಹೊಂಬಣ್ಣದ ಕೂದಲು. ಹೆಸರು ಫಿನ್ನಿಶ್ ಸ್ಪಿಟ್ಸ್. 1979ರಲ್ಲಿ ಫಿನ್ಲೆಂಡ್ ಇದನ್ನೇ ತನ್ನ ರಾಷ್ಟ್ರೀಯ ನಾಯಿಯನ್ನಾಗಿ ಆರಿಸಿಕೊಂಡಿತು. ಅಲ್ಲಿ ಈ ನಾಯಿಗಳಿಗೆ ಕಾಡಿನಲ್ಲಿ ಪಂದ್ಯ ನಡೆಯುತ್ತದೆ, ಗೆದ್ದ ನಾಯಿಗೆ ‘ಬೊಗಳುವ ರಾಜ’ ಎಂಬ ಬಿರುದು ಕೊಡುತ್ತಾರೆ. ಬೊಗಳಿದ್ದಕ್ಕೆ ಕಿರೀಟ!

ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ ಎಂದು ಕೇಳುವ ನಾಡಿನವರು ನಾವು. ಬೊಗಳುವುದೆಂದರೆ ನಮಗೆ ಕೆಲಸಕ್ಕೆ ಬಾರದ ಗದ್ದಲ. ಆದರೆ ಈ ಕೆಂಪು ನಾಯಿಯ ಬೆನ್ನು ಹತ್ತಿ ಓದುತ್ತ ಹೋದಂತೆ ನನ್ನ ಕಣ್ಣು ಅರಳುತ್ತಲೇ ಹೋಯಿತು. ಕೆಲವು ತಳಿಗಳು ಸುಮ್ಮನೆ ಬೊಗಳುತ್ತಿಲ್ಲ. ಮನುಷ್ಯನ ಕಣ್ಣು ಎಲ್ಲಿ ಸೋತಿತೋ ಅಲ್ಲಿ ಅವನು ನಾಯಿಯ ಗಂಟಲನ್ನು ಕೆಲಸಕ್ಕೆ ಹಚ್ಚಿದ್ದಾನೆ. ತಲೆಮಾರುಗಟ್ಟಲೆ ಆರಿಸಿ, ಹದಗೊಳಿಸಿ, ದನಿಯನ್ನೇ ಒಂದು ಸಲಕರಣೆ ಮಾಡಿಕೊಂಡಿದ್ದಾನೆ.

ಆ ಸಲಕರಣೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಫಿನ್ಲೆಂಡಿನ ಕಾಡಿನೊಳಕ್ಕೇ ಹೋಗಬೇಕು. ಆ ದೇಶದ ನೆಲದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಕಾಡು. ಪೈನ್, ಸ್ಪ್ರೂಸ್, ಬರ್ಚ್ ಮರಗಳು ಒತ್ತೊತ್ತಾಗಿ ನಿಂತಿರುತ್ತವೆ, ಕಾಲಡಿಗೆ ಪಾಚಿ, ಬೆರ್ರಿ ಹಣ್ಣಿನ ಕುರುಚಲು. ಇಲ್ಲಿ ಮೆತ್ಸೊ ಎಂಬ ಹಕ್ಕಿಯಿದೆ. ಕಾಡುಕೋಳಿಗಳ ಬಳಗದ್ದೇ, ಆದರೆ ಗಂಡು ನಾಲ್ಕು ಕಿಲೊ ತೂಗುತ್ತದೆ! ಅಷ್ಟು ದೊಡ್ಡ ಹಕ್ಕಿ ಸ್ಪ್ರೂಸ್ ಮರದ ಕೊಂಬೆಗೆ ಹೋಗಿ ಕೂತಿತೆಂದರೆ ಕೆಳಗೆ ನಿಂತವನಿಗೆ ಕಾಣುವುದೇ ಇಲ್ಲ. ಬೇಟೆಗಾರ ಒಂದು ಕಡ್ಡಿ ಮುರಿದರೂ ಸಾಕು, ರೆಕ್ಕೆ ಬಡಿದು ಹಾರಿಬಿಡುತ್ತದೆ. ಕಾಣದ ಹಕ್ಕಿಯನ್ನು ಹುಡುಕಬೇಕು, ಹಾರದಂತೆ ಅಲ್ಲಿಯೇ ನಿಲ್ಲಿಸಬೇಕು, ಎಲ್ಲಿದೆ ಎಂದು ದೂರದಲ್ಲಿರುವವನಿಗೆ ತಿಳಿಸಬೇಕು, ಅವನ ಹೆಜ್ಜೆ ಸಪ್ಪಳವನ್ನೂ ಮುಚ್ಚಬೇಕು. ನಾಲ್ಕು ಕೆಲಸ. ಫಿನ್ನಿಶ್ ಸ್ಪಿಟ್ಸ್ ನಾಲ್ಕನ್ನೂ ಮಾಡುತ್ತದೆ, ಅದರಲ್ಲಿ ಮೂರನ್ನು ಬರೀ ಬೊಗಳಿಯೇ ಮಾಡಿ ಮುಗಿಸುತ್ತದೆ!

ಇಲ್ಲಿ ಮೊದಲ ಅಚ್ಚರಿ ಏನು ಗೊತ್ತೇ? ಹುಡುಕುವಾಗ ಈ ನಾಯಿ ತುಟಿ ಪಿಟಕ್ಕೆನ್ನುವುದಿಲ್ಲ. ಲೋಕಕ್ಕೆಲ್ಲ ಬಾಯಿಬಡುಕ ಎಂದು ಹೆಸರಾದ ನಾಯಿ ಕಾಡಿನಲ್ಲಿ ಮೂಗು ಚಾಚಿಕೊಂಡು ಮೌನವಾಗಿ ಓಡುತ್ತಿರುತ್ತದೆ, ಬೇಟೆಗಾರನಿಂದ ಎಷ್ಟೋ ದೂರ. ವಾಸನೆ ಸಿಕ್ಕಿತು, ಹಕ್ಕಿ ಎದ್ದು ಹಾರಿತು, ನಾಯಿ ಅದರ ಕೆಳಗೇ ಓಡಿತು. ಯಾವ ಮರಕ್ಕೆ ಹೋಗಿ ಕೂತಿತು ಎಂದು ಕಣ್ಣಿಂದ, ಕಿವಿಯಿಂದ ಗುರುತು ಹಿಡಿಯಿತು. ಆಮೇಲೆ ಶುರು. ಮೊದಲು ಮೆಲ್ಲಗೆ, ಬಿಟ್ಟು ಬಿಟ್ಟು. ಒಮ್ಮೆಗೇ ಗಂಟಲು ಬಿಚ್ಚಿದರೆ ಹಕ್ಕಿ ಬೆದರಿ ಹಾರಿಬಿಡುತ್ತದಲ್ಲ! ಹಕ್ಕಿ ಸಾವರಿಸಿಕೊಂಡು ಕೂತಿತು ಎಂದಾದ ಮೇಲೆ ದನಿ ಏರುತ್ತದೆ, ವೇಗ ಏರುತ್ತದೆ, ನಮ್ಮ ಹಳ್ಳಿಯ ಹಳೇ ಹಿಟ್ಟಿನ ಗಿರಣಿ ಹಿಡಿದ ತಾಳ ಬಿಡದೆ ಓಡುವ ಹಾಗೆ ಒಂದೇ ಸಮ. ಬಾಲ ಆಡುತ್ತಿರುತ್ತದೆ, ನಾಯಿ ಮರದ ಬುಡದಲ್ಲಿ ಅತ್ತಿತ್ತ ಸರಿದಾಡುತ್ತಿರುತ್ತದೆ. ಮೇಲಿನ ಹಕ್ಕಿ ಕತ್ತು ಬಗ್ಗಿಸಿ ಕೆಳಗಿನ ಈ ಕೆಂಪು ಪ್ರಾಣಿಯನ್ನೇ ನೋಡುತ್ತ ಕೂರುತ್ತದೆ. ನರಿಯ ಹಾಗಿದೆ, ಆದರೆ ಮರ ಹತ್ತಲಾರದು. ಹಾರುವ ಅಗತ್ಯವಿಲ್ಲ, ಕಣ್ಣು ಮಾತ್ರ ತೆಗೆಯುವ ಹಾಗಿಲ್ಲ. ಹಕ್ಕಿಯ ಲಕ್ಷ್ಯವೆಲ್ಲ ಕೆಳಗೆ ನೆಟ್ಟಿರುವಾಗ ಬೇಟೆಗಾರ ಆ ಸದ್ದಿನ ಮರೆಯಲ್ಲಿ ಹೆಜ್ಜೆ ಹೆಜ್ಜೆ ಸರಿದು ಬರುತ್ತಾನೆ.

ನನ್ನನ್ನು ಬೆರಗಾಗಿಸಿದ್ದು ಇದರ ಹದ. ನಾಯಿ ಆವೇಶದಿಂದ ಮರದ ಕಾಂಡ ಕೆರೆದರೆ ಹಕ್ಕಿ ಹಾರುತ್ತದೆ. ದನಿಯಲ್ಲಿ ತೀರಾ ರೋಷ ಬಂದರೆ ಹಾರುತ್ತದೆ. ನಡುವೆ ಬೊಗಳುವುದು ನಿಲ್ಲಿಸಿದರೆ ಬೇಟೆಗಾರನ ಹೆಜ್ಜೆ ಕೇಳಿಸಿಬಿಡುತ್ತದೆ. ಹೆದರಿಸದೆ, ಬಿಡದೆ, ಹಿಡಿದಿಟ್ಟುಕೊಳ್ಳುವ ಬೊಗಳಿಕೆ ಬೇಕು! ಪಂದ್ಯದಲ್ಲಿ ತೀರ್ಪುಗಾರರು ಅಳೆಯುವುದೂ ಇಂಥವನ್ನೇ. ಎಷ್ಟು ಚೆನ್ನಾಗಿ ಹುಡುಕಿತು, ಎಷ್ಟು ಬಿಗಿಯಾಗಿ ಬೊಗಳಿತು, ಎಷ್ಟು ದೂರಕ್ಕೆ ಕೇಳಿಸಿತು, ಹಕ್ಕಿ ಹಾರಿಹೋದರೆ ಬೆನ್ನು ಬಿದ್ದು ಮತ್ತೆ ಪತ್ತೆ ಹಚ್ಚಿತೇ? ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆಗೆ 1972ರ ಕಾಯ್ದೆ ತಡೆ ಹಾಕಿದೆ, ಅದು ಸರಿಯೇ ಎಂದು ನಾನು ನಂಬಿದವನು. ಫಿನ್ಲೆಂಡಿನಲ್ಲಿ 1980ರ ದಶಕದ ಕೊನೆಯಿಂದ ಸ್ವಯಂಸೇವಕರು ಬೇಸಿಗೆಯ ಕೊನೆಗೆ ಕಾಡಿನಲ್ಲಿ ಗೊತ್ತುಮಾಡಿದ ದಾರಿ ನಡೆದು ಈ ಹಕ್ಕಿಗಳನ್ನು ಎಣಿಸುತ್ತಾರೆ, ಆ ವರ್ಷ ಎಷ್ಟು ಬೇಟೆ ಎಂಬುದಕ್ಕೆ ಆ ಎಣಿಕೆ ಆಧಾರ. ಎಣಿಕೆಯಿಲ್ಲದೆ ಕೋವಿಯಿಲ್ಲ ಎನ್ನುವ ಆ ಶಿಸ್ತಿನ ಮೇಲೆ ನನಗೆ ಗೌರವವಿದೆ.

ಈ ನಾಯಿ ಇಂದು ಇರುವುದೇ ಒಂದು ಸೋಜಿಗ. 19ನೇ ಶತಮಾನದ ಕೊನೆಯ ಹೊತ್ತಿಗೆ ಫಿನ್ಲೆಂಡಿಗೆ ಹೊರಗಿನ ಬೇಟೆನಾಯಿಗಳು ಬಂದು ಹಳೆಯ ತಳಿಯೆಲ್ಲ ಬೆರಕೆಯಾಗಿ ಕರಗುತ್ತಿತ್ತು. ಹೆಲ್ಸಿಂಕಿಯ ಇಬ್ಬರು ಬೇಟೆಪ್ರಿಯರು ಉತ್ತರದ ಕಾಡುಗಳಲ್ಲಿ ಇನ್ನೂ ಬೆರಕೆಯಾಗದ ಕೆಂಪು ನಾಯಿಗಳನ್ನು ಕಂಡು ಮನಸೋತರು. ಇಬ್ಬರ ಹೆಸರೂ ಹ್ಯೂಗೋ! ಹ್ಯೂಗೋ ಸ್ಯಾಂಡ್‌ಬರ್ಗ್ 1890ರಲ್ಲಿ ‘ಸ್ಪೋರ್ಟೆನ್’ ಪತ್ರಿಕೆಗೆ ಲೇಖನ ಬರೆದು ಈ ತಳಿಯನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದ. ಹ್ಯೂಗೋ ರೂಸ್ ದಶಕಗಳ ಕಾಲ ಸ್ವತಃ ಮರಿ ಮಾಡಿಸಿ ಬೆಳೆಸಿದ. 1892ಕ್ಕೆ ತಳಿಯ ಲಕ್ಷಣಗಳು ಬರಹಕ್ಕೆ ಇಳಿದವು. ಇದರ ಸ್ವೀಡನ್ ಸೋದರಿ ನಾರ್‌ಬೊಟನ್‌ಸ್ಪೆಟ್ಸ್‌ನ ಕತೆ ಇನ್ನೂ ರೋಚಕ. ಅದೂ ಹೀಗೆಯೇ ಮರದಡಿ ಬೊಗಳುವ ಪುಟ್ಟ ನಾಯಿ. 1948ರಲ್ಲಿ ತಳಿಯೇ ಇಲ್ಲವಾಯಿತೆಂದು ಸ್ವೀಡನ್ನಿನ ಕೆನಲ್ ಕ್ಲಬ್ ದಾಖಲೆ ಪುಸ್ತಕ ಮುಚ್ಚಿಬಿಟ್ಟಿತು. ಹುಡುಕಿದರೆ ದೂರದ ಹಳ್ಳಿಮನೆಗಳ ಅಂಗಳದಲ್ಲಿ ಬೊಗಳಿಕೊಂಡು ಹಾಯಾಗಿದ್ದವು! 1967ರಲ್ಲಿ ಪುಸ್ತಕ ಮತ್ತೆ ತೆರೆಯಬೇಕಾಯಿತು.

ಹಾಗಾದರೆ ಎಲ್ಲ ಬೇಟೆನಾಯಿಗಳೂ ಯಾಕೆ ಬೊಗಳುವುದಿಲ್ಲ? ನಮ್ಮ ಮುಧೋಳ ನಾಯಿಯನ್ನೇ ನೋಡಿ. ಅದು ಕಣ್ಣಿಂದ ಬೇಟೆ ಹಿಡಿಯುವ ನಾಯಿ, ಬಯಲುಸೀಮೆಯ ಕೂಸು. ಬಾಗಲಕೋಟೆಯ ತೆರೆದ ಎರೆನೆಲದಲ್ಲಿ ಮೊಲ ಎದ್ದರೆ ನಾಯಿಗೂ ಕಾಣುತ್ತದೆ, ಯಜಮಾನನಿಗೂ ಕಾಣುತ್ತದೆ. ಇನ್ನು ಹೇಳುವುದೇನಿದೆ? ಉಸಿರೆಲ್ಲ ಓಟಕ್ಕೆ! ಕಾಡಿನಲ್ಲಿ ಹಾಗಲ್ಲ. ಬಂಡೀಪುರ, ನಾಗರಹೊಳೆಯ ಸೀಳುನಾಯಿಗಳು ಪೊದೆಗಳ ನಡುವೆ ಚದುರಿಹೋದಾಗ ಒಂದನ್ನೊಂದು ಕೂಡಿಕೊಳ್ಳಲು ಸಿಳ್ಳೆ ಹಾಕುತ್ತವೆ. ಕಣ್ಣಿಗೆ ಎಲೆ ಅಡ್ಡ ಬಂದಲ್ಲಿ ದನಿ ಬೇಕೇ ಬೇಕು.

ಇದಕ್ಕೆ ಕಾಂಗೋದ ಕಾಡು ಕೊಟ್ಟ ಉತ್ತರ ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಲ್ಲಿನ ಬಸೆಂಜಿ ನಾಯಿ ಬೊಗಳುವುದಿಲ್ಲ ಎಂದೇ ಪ್ರಸಿದ್ಧ. ರಾಗ ಎಳೆದಂತೆ ಏನೋ ಒಂದು ದನಿ ಮಾಡುತ್ತದೆ, ಆದರೆ ‘ಬೌ ಬೌ’ ಎಂಬ ಸರಮಾಲೆ ಇಲ್ಲ. ದಟ್ಟ ಕಾಡಿನಲ್ಲಿ ಅಂಥ ನಾಯಿ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಬೇಟೆಗಾರರು ಅದರ ಕೊರಳಿಗೆ ಗಂಟೆ ಕಟ್ಟಿದರು! ಒಂದೇ ಸಮಸ್ಯೆ, ಎರಡು ಪರಿಹಾರ. ಆಫ್ರಿಕಾದವರು ಗಂಟೆಯನ್ನು ಹೊರಗಿನಿಂದ ಕಟ್ಟಿದರು, ಫಿನ್ಲೆಂಡಿನವರು ಅದನ್ನು ಗಂಟಲೊಳಗೇ ಬೆಳೆಸಿದರು.

ಈ ಕಣ್ಣಿಂದ ನೋಡತೊಡಗಿದರೆ ಬಾಯಿಬಡುಕ ಎನಿಸಿಕೊಂಡ ಒಂದೊಂದು ತಳಿಯೂ ಬಾಯಿಬಿಟ್ಟು ತನ್ನ ಕತೆ ಹೇಳತೊಡಗುತ್ತದೆ. ಗಿಡ್ಡ ಕಾಲಿನ ಡ್ಯಾಶ್‌ಹುಂಡ್ ಯಾಕೆ ತನ್ನ ಗಾತ್ರಕ್ಕೆ ಹೊಂದದ ದೊಡ್ಡ ದನಿ ತೆಗೆಯುತ್ತದೆ? ಅದರ ಕೆಲಸ ನೆಲದೊಳಗೆ. ಜರ್ಮನಿಯಲ್ಲಿ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯ ಬೆನ್ನಟ್ಟಿ ಅದು ಬಿಲ ಹೊಗುತ್ತಿತ್ತು. ಮೇಲೆ ಗುದ್ದಲಿ ಹಿಡಿದು ನಿಂತವನಿಗೆ ಎಲ್ಲಿ ಅಗೆಯಬೇಕೆಂದು ತಿಳಿಯಬೇಕಾದರೆ ಆ ಬೊಗಳು ಮಣ್ಣನ್ನು ದಾಟಿ ಮೇಲೆ ಬರಬೇಕು! ಅಮೆರಿಕದ ಕೂನ್‌ಹೌಂಡ್‌ಗಳು ಓಡಾಡುವುದು ರಾತ್ರಿಯಲ್ಲಿ. ರಕೂನ್ ಎಂಬ ಪ್ರಾಣಿಯ ಜಾಡು ಹಿಡಿದಾಗ ಉದ್ದಕ್ಕೆ ರಾಗವಾಗಿ ಕೂಗುತ್ತವೆ, ಅದು ಮರ ಹತ್ತಿದ ಕೂಡಲೇ ಕೂಗು ತುಂಡು ತುಂಡಾಗಿ, ಬಿರುಸಾಗಿ ಬದಲಾಗುತ್ತದೆ. ಅಲ್ಲಿಯ ರಾತ್ರಿ ಪಂದ್ಯಗಳಲ್ಲಿ ಯಜಮಾನರು ಕಗ್ಗತ್ತಲಲ್ಲಿ ನಿಂತು, ಹಲವು ನಾಯಿಗಳ ನಡುವೆ ತಮ್ಮ ನಾಯಿಯ ದನಿ ಯಾವುದು, ಅದೀಗ ಜಾಡಿನಲ್ಲಿದೆಯೋ ಮರದಡಿಯಲ್ಲಿದೆಯೋ ಎಂದು ಬರೀ ಕಿವಿಯಿಂದ ತಿಳಿದು ಕೂಗಿ ಹೇಳಬೇಕು. ಮೊದಲು ಹೇಳಿದವನಿಗೆ ಹೆಚ್ಚು ಅಂಕ, ತಪ್ಪು ಹೇಳಿದರೆ ಅಂಕ ಹೋಯಿತು.

ನ್ಯೂಜಿಲೆಂಡಿನ ಹಂಟವೇ ನಾಯಿಯದಂತೂ ಬೇಟೆಯೇ ಅಲ್ಲ, ಕುರಿ ಕಾಯುವ ಕೆಲಸ. ಅಲ್ಲಿನ ಕುರಿ ಫಾರಂಗಳಲ್ಲಿ ಎರಡು ಬಗೆಯ ನಾಯಿಗಳಿರುತ್ತವೆ. ಹೆಡಿಂಗ್ ಡಾಗ್ ಎನ್ನುವುದು ಸದ್ದಿಲ್ಲದೆ ಕಣ್ಣಿನ ದೃಷ್ಟಿಯಿಂದಲೇ ಕುರಿಗಳನ್ನು ತಡೆದು ನಿಲ್ಲಿಸುತ್ತದೆ. ಹಂಟವೇ ಹಿಂದಿನಿಂದ ದಪ್ಪ ದನಿಯಲ್ಲಿ ಬೊಗಳಿ ಬೊಗಳಿ ಇಡೀ ಮಂದೆಯನ್ನು ಕಡಿದಾದ ಗುಡ್ಡ ಏರಿಸುತ್ತದೆ. ಒಂದು ಹಲ್ಲೂ ತಾಗಿಸದೆ! ಎರಡನ್ನೂ ಒಬ್ಬನೇ ಕುರುಬ ದುಡಿಸುತ್ತಾನೆ. ಹಂಟರ್‌ವಿಲ್ ಎಂಬ ಊರಿನವರು ಹಂಟವೇಗೆ ಪ್ರತಿಮೆ ನಿಲ್ಲಿಸಿದ್ದಾರೆ, ಅದರ ಹೆಸರಿನಲ್ಲಿ ಜಾತ್ರೆಯನ್ನೂ ನಡೆಸುತ್ತಾರೆ.

ಇಷ್ಟಾದ ಮೇಲೆ ನನ್ನ ನಿದ್ದೆಗೆಡಿಸಿದ ಪ್ರಶ್ನೆ ಬೇರೆ. ಮನುಷ್ಯ ದನಿಯನ್ನು ಹದಗೊಳಿಸಿದ, ಸರಿ. ಆದರೆ ಆ ದನಿ ಬಂದದ್ದಾದರೂ ಎಲ್ಲಿಂದ? ನಾಯಿಯ ಮೂಲ ತೋಳದ ಬಳಗ. ಬೆಳೆದ ತೋಳಗಳು ಬೊಗಳುವುದು ತೀರಾ ಅಪರೂಪ, ಅಪಾಯ ಕಂಡಾಗ ಒಂದೆರಡು ಬಾರಿ ಅಷ್ಟೆ. ಊಳಿಡುತ್ತವೆ, ಗುರುಗುಟ್ಟುತ್ತವೆ, ಕುಂಯ್‌ಗುಟ್ಟುತ್ತವೆ. ತಾಸುಗಟ್ಟಲೆ ‘ಬೌ ಬೌ’ ಎನ್ನುವುದು ನಾಯಿಯದೇ ಸೊತ್ತು. ರೇಮಂಡ್ ಕಾಪಿಂಜರ್ ಮತ್ತು ಮಾರ್ಕ್ ಫೈನ್‌ಸ್ಟೈನ್ ಎಂಬ ವಿಜ್ಞಾನಿಗಳು 1991ರಲ್ಲಿ ಈ ಬಗ್ಗೆ ಬರೆದಾಗ ಕೊಟ್ಟ ಒಂದು ಉದಾಹರಣೆ ಮರೆಯಲಾಗದು. ಅಮೆರಿಕದ ಮಿನೆಸೋಟಾದಲ್ಲಿ ಹಿಂಡು ಕಾಯುವ ನಾಯಿಯೊಂದು ಏಳು ತಾಸು ಒಂದೇ ಸಮನೆ ಬೊಗಳಿತ್ತು. ಏಳು ತಾಸು! ಬೊಗಳಿಕೆಯಲ್ಲಿ ಮರಿಯ ಕರೆಯೂ ಇದೆ, ದೊಡ್ಡ ಪ್ರಾಣಿಯ ಬೆದರಿಕೆಯೂ ಇದೆ, ಎರಡೂ ಒಂದೇ ಉಸಿರಿನಲ್ಲಿ ಬೆರೆತಿವೆ ಎಂಬುದು ಅವರ ವಾದ. ಓಡಿಹೋಗಲೂ ಮನಸ್ಸಿಲ್ಲ, ಮೇಲೆ ಬೀಳಲೂ ಧೈರ್ಯವಿಲ್ಲ ಎಂಬ ತೊಳಲಾಟದಲ್ಲಿ ಆ ದನಿ ಹೊರಡುತ್ತದೆ ಎಂದು ಅವರು ಮುಂದೆ ವಿವರಿಸಿದರು.

ಪಳಗುವುದರ ಜೊತೆಗೇ ಬೊಗಳೂ ಬರಬಹುದು ಎಂಬುದಕ್ಕೆ ಸೈಬೀರಿಯಾ ಒಂದು ಸಾಕ್ಷಿ ಒದಗಿಸಿತು. ನೊವೊಸಿಬಿರ್ಸ್ಕ್‌ನಲ್ಲಿ ಡಿಮಿಟ್ರಿ ಬೆಲ್ಯಾಯೆವ್ 1959ರಲ್ಲಿ ಬೆಳ್ಳಿ ನರಿಗಳನ್ನು ಪಳಗಿಸುವ ಪ್ರಯೋಗ ಶುರುಮಾಡಿದ. ಅವರು ಆರಿಸಿದ್ದು ಒಂದೇ ಗುಣ, ಮನುಷ್ಯನಿಗೆ ಹೆದರದಿರುವುದು. ಬೊಗಳುವ ನರಿ ಬೇಕೆಂದು ಯಾರೂ ಹುಡುಕಲಿಲ್ಲ. 1974ರಲ್ಲಿ ಆತನ ಸಹೋದ್ಯೋಗಿ ಲ್ಯುಡ್ಮಿಲಾ ಟ್ರುಟ್, ಪುಶಿಂಕಾ ಎಂಬ ಹೆಣ್ಣು ನರಿಯ ಜೊತೆ ಒಂದೇ ಮನೆಯಲ್ಲಿ ವಾಸಕ್ಕೆ ನಿಂತರು. ಆ ಬೇಸಿಗೆಯ ಒಂದು ರಾತ್ರಿ ಯಾರೋ ಮನೆಯ ಕಡೆ ಬರುತ್ತಿದ್ದಾಗ ಪುಶಿಂಕಾ ಎದ್ದು ಓಡಿ ಬೊಗಳಿತು. ಥೇಟ್ ಕಾವಲು ನಾಯಿಯ ಹಾಗೆ! ಓದುವಾಗ ನನ್ನ ಮೈ ನವಿರೆದ್ದಿತು. ಹದಿನೈದು ವರ್ಷಗಳ ಆಯ್ಕೆ ಒಂದು ನರಿಯ ಗಂಟಲಿನಿಂದ ಬೊಗಳನ್ನು ಹೊರಡಿಸಿತ್ತು.

ತಳಿಯಿಂದ ತಳಿಗೆ ಇರುವ ಅಂತರ ರಕ್ತದಲ್ಲೇ ಇದೆ ಎಂಬುದನ್ನು ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ತೋರಿಸಿದರು. 1965ರಲ್ಲಿ ಅವರ ಪುಸ್ತಕ ಬಂತು. ಅವರ ಒಂದು ಕಾಕರ್ ಸ್ಪ್ಯಾನಿಯಲ್ ಹತ್ತು ನಿಮಿಷದಲ್ಲಿ 907 ಸಲ ಬೊಗಳಿತ್ತು. ಅದೇ ಜಾಗದಲ್ಲಿ ಮೌನಿ ಬಸೆಂಜಿಯೂ ಇತ್ತು. ಎರಡನ್ನೂ ಕೂಡಿಸಿ ಮರಿ ಮಾಡಿಸಿದರು. ಮರಿಗಳು ಯಾರ ಕಡೆ ವಾಲಿದವು? ಸುಲಭವಾಗಿ ಬಾಯಿ ತೆರೆಯುವುದರಲ್ಲಿ ಕಾಕರ್ ಕಡೆಗೇ!

ಆ ದನಿಯಲ್ಲಿ ಅರ್ಥವಿದೆಯೇ ಎಂದು ಕೇಳಿದವರು ಹಂಗೆರಿಯ ಬುಡಾಪೆಸ್ಟ್‌ನವರು. ಅಲ್ಲಿನ ಈಟ್ವಶ್ ಲೋರಾಂಡ್ ವಿಶ್ವವಿದ್ಯಾಲಯದ ಪೀಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು ಮೂಡಿ ಎಂಬ ಕುರಿನಾಯಿಯ ಬೊಗಳನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಮುದ್ರಿಸಿಕೊಂಡರು. ಅಪರಿಚಿತ ಬಂದಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ಚೆಂಡು ಬೇಕಾದಾಗ, ಆಟವಾಡುವಾಗ. ಅದನ್ನು ಜನರಿಗೆ ಕೇಳಿಸಿದರೆ, ನಾಯಿ ಸಾಕಿ ಗೊತ್ತೇ ಇಲ್ಲದವರೂ ಸಂದರ್ಭವನ್ನು ಊಹೆಗೆ ಮೀರಿ ಸರಿಯಾಗಿ ಗುರುತಿಸಿದರು. ಹುಟ್ಟಿನಿಂದ ಕಣ್ಣು ಕಾಣದವರೂ, ಅಂದರೆ ಬೊಗಳುವ ನಾಯಿಯನ್ನು ಎಂದೂ ನೋಡಿರದವರೂ ಗುರುತಿಸಿದರು! 2008ರಲ್ಲಿ ಅದೇ ತಂಡ 14 ನಾಯಿಗಳ 6,000ಕ್ಕೂ ಹೆಚ್ಚು ಬೊಗಳುಗಳನ್ನು ಕಂಪ್ಯೂಟರಿಗೆ ಕೊಟ್ಟಿತು. ಸಂದರ್ಭ ಯಾವುದೆಂದು ಅದು ನೂರಕ್ಕೆ 43 ಸಲ, ಬೊಗಳಿದ ನಾಯಿ ಯಾವುದೆಂದು ನೂರಕ್ಕೆ 52 ಸಲ ಸರಿಯಾಗಿ ಹೇಳಿತು. ಹದಿನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ನೂರಕ್ಕೆ ಏಳು ಸರಿ ಬರಬೇಕಿತ್ತು, ನೆನಪಿರಲಿ. ಅಂತೂ ಪ್ರತಿ ನಾಯಿಯ ಬೊಗಳಿಗೂ ತನ್ನದೇ ಗುರುತಿದೆ.

ಈಗ ನಮ್ಮ ಬೀದಿಗೇ ಬನ್ನಿ. 1980–90ರ ದಶಕದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳ ಗೇಟಿನ ಹಿಂದೆ ಬಿಳಿ ಕೂದಲಿನ ಪುಟ್ಟ ನಾಯಿಯೊಂದು ಇರುತ್ತಿತ್ತಲ್ಲ, ಎಲ್ಲರೂ ಪಾಮೇರಿಯನ್ ಎನ್ನುತ್ತಿದ್ದೆವಲ್ಲ, ಅದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಸ್. ಫಿನ್ಲೆಂಡಿನ ಕೆಂಪು ನಾಯಿಯಂತೆ ಅದೂ ಸ್ಪಿಟ್ಸ್ ಬಳಗದ್ದೇ! ಬ್ರಿಟಿಷರ ಜೊತೆ ಬಂದ ಜರ್ಮನ್ ಸ್ಪಿಟ್ಸ್ ಅದರ ಪೂರ್ವಜ, ಆ ಪೂರ್ವಜನ ಹಳೆಯ ಕಸುಬು ಅಂಗಳ ಮತ್ತು ಸರಕಿನ ಗಾಡಿ ಕಾಯುವುದು. ಹಾಲಿನವ, ಪೇಪರಿನವ, ಪೋಸ್ಟಿನವ ಯಾರು ಬಂದರೂ ಗೇಟಿಗೆ ಹಾರಿ ಬೊಗಳುತ್ತಿದ್ದ ಆ ನಾಯಿ ತನ್ನ ವಂಶದ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿತ್ತು. ಅಂಥದ್ದನ್ನು ದಿನವಿಡೀ ಫ್ಲ್ಯಾಟಿನಲ್ಲಿ ಕೂಡಿಹಾಕಿ, ಸದ್ದು ಮಾಡಿತೆಂದು ಹೊಡೆಯುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಮರಿ ತರುವ ಮೊದಲು ಅದರ ಅಜ್ಜ-ಮುತ್ತಜ್ಜಂದಿರು ಯಾವ ಕೆಲಸಕ್ಕಿದ್ದರು ಎಂದು ಒಂದು ಮಾತು ಕೇಳಿಕೊಳ್ಳಿ. ಕೆಲಸ ಕೊಡಿ, ಓಡಾಡಿಸಿ. ಒಂಟಿತನದ ಬೊಗಳಿಗೂ ಎಚ್ಚರಿಕೆಯ ಬೊಗಳಿಗೂ ವ್ಯತ್ಯಾಸವಿದೆ, ಕಿವಿಗೊಟ್ಟರೆ ನಿಮಗೂ ಕೇಳಿಸುತ್ತದೆ. ಮೊದಲನೆಯದು ಎತ್ತರದ, ಬಿಡಿಬಿಡಿ ದನಿ. ಎರಡನೆಯದು ದಪ್ಪ, ಒರಟು, ಒಂದರ ಮೇಲೊಂದು ಬೀಳುವಂಥದ್ದು. ಅಮೆರಿಕದ ಪಶುವೈದ್ಯೆ ಸೋಫಿಯಾ ಯಿನ್ 10 ನಾಯಿಗಳ 4,672 ಬೊಗಳುಗಳನ್ನು ಒಂದೊಂದಾಗಿ ಅಳೆದು 2004ರಲ್ಲಿ ಪ್ರಕಟಿಸಿದ ಸಂಗತಿ ಇದು.

ಫಿನ್ಲೆಂಡಿನ ಬೇಟೆನಾಯಿಗಳ ಕೊರಳಿಗೆ ಈಗ ಜಿಪಿಎಸ್ ಪಟ್ಟಿ ಬಂದಿದೆ. ನಾಯಿ ಎಲ್ಲಿದೆ ಎಂಬುದರ ಜೊತೆಗೆ ನಿಮಿಷಕ್ಕೆ ಎಷ್ಟು ಸಲ ಬೊಗಳುತ್ತಿದೆ ಎಂಬುದನ್ನೂ ಅದು ಎಣಿಸಿ ಯಜಮಾನನ ಫೋನಿಗೆ ಕಳಿಸುತ್ತದೆ. ಆದರೆ ಮರದ ಮೇಲೆ ಕೂತಿರುವುದು ಮೆತ್ಸೊನೋ ಬರೀ ಅಳಿಲೋ ಎಂಬುದನ್ನು ಆ ಅಂಕಿ ಹೇಳಲಾರದು. ಪಳಗಿದ ಬೇಟೆಗಾರರು ದನಿ ಕೇಳಿಯೇ ಹೇಳಬಲ್ಲೆವು ಎನ್ನುತ್ತಾರೆ. ಅಷ್ಟು ನಾಯಿಗಳು, ಅಷ್ಟು ಕಾಡು, ಪ್ರತಿ ಕೊರಳಲ್ಲೂ ಕೇಳುವ ಯಂತ್ರ! ಬುಡಾಪೆಸ್ಟಿನವರು ಅಂಗಳದಲ್ಲಿ ಮಾಡಿದ ಪ್ರಯೋಗವನ್ನು ಯಾರಾದರೂ ಮರದಡಿಯಲ್ಲೂ ಮಾಡಿ ನೋಡಲಿ ಎಂದು ನಾನು ಹಂಬಲಿಸುತ್ತಿದ್ದೇನೆ. ಅಳಿಲಿಗೊಂದು ಬೊಗಳು, ಹಕ್ಕಿಗೊಂದು ಬೊಗಳು ನಿಜಕ್ಕೂ ಇದೆಯೇ?